ಕೊರತೆ ನಾನೂರ ಹನ್ನೆರಡು ಮಣೆ

ನಮ್ಮೂರಲ್ಲಿ ಪೂರಿ ಉಬ್ಬದೆ ಹದಿನಾರು ದಿನವಾಗಿತ್ತು. ಮೊದಲ ದಿನ ಎಲ್ಲರೂ ಎಣ್ಣೆಯನ್ನು ಬೈದರು, ಎರಡನೇ ದಿನ ಹಿಟ್ಟನ್ನು ಬೈದರು, ಮೂರನೇ ದಿನ ಸೀದಾ ಜಾಗದ ಆಫೀಸಿಗೆ ಬಂದು ನನ್ನನ್ನು ಬೈದರು. ಬೈಯಲಿ. ಇಪ್ಪತ್ತೆರಡು ವರ್ಷದಿಂದ ಆ ಕುರ್ಚಿಯಲ್ಲಿ ಕೂತವಳು ನಾನು, ಕರಿಬಸಮ್ಮ. ಬೈಸಿಕೊಳ್ಳುವುದಕ್ಕೂ ಸೇರಿಸಿಯೇ ನನ್ನನ್ನು ಅಲ್ಲಿ ಕೂರಿಸಿದ್ದಾರೆ ಅಂತ ಎಂದೋ ತೀರ್ಮಾನ ಮಾಡಿಕೊಂಡಿದ್ದೇನೆ.

ನಮ್ಮಲ್ಲಿ ಹೊಸದು ಏನೇ ಬರಬೇಕಾದರೂ, ಇದ್ದದ್ದು ಒಂಚೂರು ದೊಡ್ಡದಾಗಬೇಕಾದರೂ, ಆಫೀಸಿನ ಕಂಪ್ಯೂಟರಿನಲ್ಲಿ ಅದಕ್ಕೆ ಜಾಗ ಇದೆ ಎಂದು ಕಾಣಿಸಬೇಕು. ಕಾಣಿಸಿದರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಜಾಗವನ್ನು ಮಣೆ ಲೆಕ್ಕದಲ್ಲಿ ಅಳೆಯುತ್ತೇವೆ. ಒಬ್ಬರು ಕಾಲು ಮಡಿಸಿ ಕೂತು ಉಣ್ಣುವಷ್ಟು ಜಾಗ ಒಂದು ಮಣೆ. ಬೀರುವಿಗೆ ಎರಡು ಮಣೆ, ಎಮ್ಮೆಗೆ ನಾಲ್ಕು, ಸೊಸೆಗೆ ಒಂದು, ಅವಳು ತರುವ ಸಾಮಾನಿಗೆ ಆರು. ಮದುವೆ ಗೊತ್ತಾಗುವ ಮುಂಚೆ ಬೇರೆ ಊರಿನವರು ಜಾತಕ ತೋರಿಸಲು ಹೋದರೆ ನಮ್ಮವರು ನನ್ನ ಹತ್ತಿರ ಬರುತ್ತಾರೆ. ಒಮ್ಮೆ ಪಟ್ಟಿಯಲ್ಲಿ ಹೆಸರು ಬಂದವರು ಮಾತ್ರ ಊರು ಬಿಟ್ಟು ಹೋಗಿ ಯಾವಾಗ ವಾಪಸ್ ಬಂದರೂ ಕೇಳುವವರಿಲ್ಲ. ಸಾಮಾನಿಗೂ ಅದೇ ನಿಯಮ. ಹಳಬರಿಗೆ ಅಡ್ಡಿಯಿಲ್ಲ.

ಹಾಗಾಗಿ ನಮ್ಮವರಿಗೆ ಜಾಗ ಬಿಡುವುದೇ ಸಂಸ್ಕಾರ. ಹೊಸ ಸೀರೆ ಉಡುವ ಮುಂಚೆ ಹಳೇ ಸೀರೆ ಕೊಟ್ಟಿರುತ್ತಾರೆ. ಯಾರ ಮನೆಗೆ ಹೋದರೂ ಚಾಪೆಯ ಅಂಚಿನಲ್ಲಿ ಕೂರುತ್ತಾರೆ. ಒಬ್ಬರನ್ನು ಬಾಯಿ ತುಂಬ ಹೊಗಳಬೇಕೆಂದರೆ, ಆಯಮ್ಮ ಮನೆಯಲ್ಲಿದ್ದರೆ ಇದ್ದದ್ದೇ ಗೊತ್ತಾಗಲ್ಲ ಎನ್ನುತ್ತಾರೆ. ಊರಿನ ಅಧ್ಯಕ್ಷ ಮುರಿಗೆಪ್ಪನವರಂತೂ ಬಯಲಲ್ಲಿ ಒಬ್ಬರೇ ನಿಂತಾಗಲೂ ಭುಜ ಕುಗ್ಗಿಸಿ ಓರೆಯಾಗಿಯೇ ನಿಲ್ಲುತ್ತಾರೆ. ಅಂಥ ಊರಿಗೆ ಹೊಸ ಸಿಸ್ಟಂ ಬಂತು.

ಹಳೇ ಕಂಪ್ಯೂಟರ್ ಒಂದು ಹೆಸರು ತೋರಿಸಲು ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ರಿಪೇರಿಯವರನ್ನು ಕರೆಸಿದೆವು. ತಲೆ ನರೆತ ಮನುಷ್ಯ, ಮಾತು ಕಡಿಮೆ. ಹಳೇ ಡಿಸ್ಕ್ ಕಿತ್ತು ಹೊಸದೊಂದು ದೊಡ್ಡ ಡಿಸ್ಕ್ ಹಾಕಿ, ಹಳೇ ಪಟ್ಟಿಯನ್ನೆಲ್ಲ ಅದಕ್ಕೆ ತುಂಬಿ, ಇನ್ನು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು ಮೇಡಂ ಎಂದರು. ಆಮೇಲೆ ಹೊಸ ಸಿಸ್ಟಂ ಹಾಕಲು ಶುರು ಮಾಡಿ, ಸ್ಕ್ರೀನಿನಲ್ಲಿ ಉದ್ದವಾಗುತ್ತಿರುವ ಹಸಿರು ಪಟ್ಟಿ ತುದಿ ಮುಟ್ಟಿದ ಮೇಲೆ ಸರಿ ಎಂಬುದನ್ನು ಒತ್ತಿ ಎಂದು ಹೇಳಿ, ನಾನು ಕೊಟ್ಟ ಅವಲಕ್ಕಿ ತಿಂದು, ಮೂರು ಗಂಟೆಯ ಬಸ್ಸಿಗೆ ಹೋದರು. ಬಸ್ಸು ಊರು ದಾಟುವಷ್ಟರಲ್ಲಿ ಹಸಿರು ಪಟ್ಟಿ ನಿಂತಿತು. ಸ್ಕ್ರೀನಿನ ಮೇಲೆ ಅಕ್ಷರ ಮೂಡಿತು: ಸಾಕಷ್ಟು ಜಾಗವಿಲ್ಲ. ಕೊರತೆ 9,640 ಮಣೆ. ದಯವಿಟ್ಟು ಜಾಗ ಖಾಲಿ ಮಾಡಿ ಮತ್ತೆ ಪ್ರಯತ್ನಿಸಿ.

ಮತ್ತೆ ಪ್ರಯತ್ನಿಸಿದೆ. ನೂರು ಸಲ ಪ್ರಯತ್ನಿಸಿದೆ. ರಿಪೇರಿಯವರಿಗೆ ಫೋನ್ ಮಾಡಿದರೆ, ಸ್ಕ್ರೀನ್ ಯಾಕಮ್ಮ ಸುಳ್ಳು ಹೇಳುತ್ತೆ, ಖಾಲಿ ಮಾಡಿ ಅಂದರೆ ಖಾಲಿ ಮಾಡಿ ಎಂದು ಇಟ್ಟುಬಿಟ್ಟರು. ಅವತ್ತಿನಿಂದ ಊರಲ್ಲಿ ದೋಸೆ ಹಿಟ್ಟು ಹುದುಗು ಬರಲಿಲ್ಲ. ಕೊಡೆ ಬಿಚ್ಚಿದರೆ ಬಿಚ್ಚಿಕೊಳ್ಳಲಿಲ್ಲ. ಚೆಂಡುಹೂವಿನ ಮೊಗ್ಗು ಮೊಗ್ಗಾಗಿಯೇ ಉಳಿಯಿತು. ಯಾರ ಕೂದಲೂ ಬೆಳೆಯದೆ ಕ್ಷೌರದ ಅಂಗಡಿಯವನು ಬಾಗಿಲು ಹಾಕಿ ಅತ್ತೆ ಮನೆಗೆ ಹೋದ. ನಮ್ಮವರು ಎಲ್ಲಕ್ಕೂ ಹೊಂದಿಕೊಂಡರು. ಚಪ್ಪಟೆ ಪೂರಿಯೇ ಹಲ್ಲಿಗೆ ಹಿತ ಎಂದು ಹೇಳಿಕೊಂಡು ತಿಂದರು. ನನಗಂತೂ ಆ ಹೊಂದಾಣಿಕೆ ನೋಡಿಯೇ ಮೈ ಉರಿಯುತ್ತಿತ್ತು, ಯಾಕೆಂದರೆ ನನ್ನ ತಂಗಿ ಹಾಲಮ್ಮನಿಗೆ ದಿನ ತುಂಬಿತ್ತು.

ಹಾಲಮ್ಮನಿಗೆ ಮೂವತ್ತಾರು. ಮುಂಚೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಇದು ಮೂರನೇದು, ಗಟ್ಟಿಯಾಗಿ ನಿಂತದ್ದು. ನಾನೇ ಆರು ತಿಂಗಳ ಮುಂಚೆ ಅದಕ್ಕೆ ಒಂದು ಮಣೆ ಕಾದಿರಿಸಿ ಚೀಟಿ ಕೊಟ್ಟಿದ್ದೆ. ಹೊಸ ಸಿಸ್ಟಂ ಆ ಚೀಟಿಯನ್ನು ಮೂಸಿ ಕೂಡ ನೋಡಲಿಲ್ಲ. ನೋವು ಬರುತ್ತಿತ್ತು, ಹೋಗುತ್ತಿತ್ತು. ನರ್ಸಮ್ಮ ಹೊಟ್ಟೆ ಮುಟ್ಟಿ ನೋಡಿ, ಕೂಸು ತಯಾರಾಗಿದೆ, ಹೊರಗೆ ಜಾಗ ಇಲ್ಲ, ಅಷ್ಟೇ ಎಂದರು. ಪಟ್ಟಣಕ್ಕೆ ಹೋಗಿ ಹೆತ್ತು ಬರಬಹುದಿತ್ತು. ಆದರೆ ಕೂಸು ಹೊಸದು, ಜಾಗ ಇಲ್ಲದೆ ಊರ ಗಡಿಕಲ್ಲು ದಾಟುವುದಿಲ್ಲ. ಹಿಂದೊಬ್ಬಳು ಹಾಗೆ ಹೆತ್ತುಕೊಂಡು ಬಂದು ಗಡಿಕಲ್ಲಿನ ಆಚೆ ಎಂಟು ತಿಂಗಳು ಕೂತಿದ್ದಳು. ಈಚೆಯಿಂದ ಅವಳ ಗಂಡ ಬುತ್ತಿ ಎಸೆಯುತ್ತಿದ್ದ.

ಹಾಲಮ್ಮ ಅದನ್ನು ಕಣ್ಣಾರೆ ನೋಡಿದವಳು. ನನ್ನ ಕೈ ಹಿಡಿದು ತನ್ನ ಹೊಟ್ಟೆ ಮೇಲಿಟ್ಟುಕೊಂಡು, "ಅಕ್ಕಾ, ಒಳಗಿಂದ ಬಾಗಿಲು ಬಡೀತೈತೆ. ತೆಗೆಯೋಳು ನೀನೇ ಅಲ್ವಾ?" ಅಂದಳು.

ನನಗೆ ಭಯವಾಯಿತು. ನರ್ಸಮ್ಮ ಇನ್ನು ಹತ್ತು ದಿನ ಎಂದಿದ್ದರು, ಅದರ ಮೇಲೆ ಆದರೆ ಇಬ್ಬರೂ ಉಳಿಯುವುದು ಕಷ್ಟ.

ಮುರಿಗೆಪ್ಪನವರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಒಂದು ಕೂಸಿಗಾಗಿ ಇಡೀ ಊರು ಜಾಗ ಬಿಡಬೇಕು ಎಂದು ಡಂಗುರ ಹೊಡೆಸಿದರು. ಜನ ಒಂದು ಮಾತೂ ಆಡದೆ ಬಿಟ್ಟರು. ಮೊದಲ ದಿನ ಬೀರು, ಪೆಟ್ಟಿಗೆ, ಕಾಳಿನ ಡ್ರಮ್ಮು ಗಡಿಕಲ್ಲಿನ ಆಚೆಗೆ ಹೋದವು. ಕೊರತೆ 7,100ಕ್ಕೆ ಇಳಿಯಿತು. ನಾನು ಆಫೀಸಿನ ಮುಂದಿನ ಹಲಗೆಯ ಮೇಲೆ ಬರೆದೆ, ಜನ ಚಪ್ಪಾಳೆ ತಟ್ಟಿದರು. ಎರಡನೇ ದಿನ ಎಮ್ಮೆ, ಮಂಚ, ಶಾಲೆಯ ಬೆಂಚು. 4,300. ಮೂರನೇ ದಿನ ಬಾಗಿಲುಗಳನ್ನೇ ಕಿತ್ತು ಹೊತ್ತುಕೊಂಡು ಹೋದರು. ಐದನೇ ದಿನಕ್ಕೆ ಊರಲ್ಲಿ ಗೋಡೆ, ಒಲೆ, ಉಟ್ಟ ಬಟ್ಟೆ ಬಿಟ್ಟು ಏನೂ ಉಳಿಯಲಿಲ್ಲ. ಮಾತಾಡಿದರೆ ಮನೆಮನೆಯಲ್ಲೂ ದನಿ ಮೊಳಗುತ್ತಿತ್ತು. ಕೊರತೆ 412ಕ್ಕೆ ಬಂದು ನಿಂತಿತು. ಪೂರಿ ಮಾತ್ರ ಆಗಲೂ ಉಬ್ಬಲಿಲ್ಲ.

ಮುರಿಗೆಪ್ಪನವರು ಖಾಲಿ ಶಾಲೆಯಲ್ಲಿ ಸಭೆ ಕರೆದರು. ಎಲ್ಲರೂ ಗೋಡೆಗೆ ಅಂಟಿ ನಿಂತರು, ನಡುವೆ ಒಬ್ಬರೂ ಇಲ್ಲ. ಮುರಿಗೆಪ್ಪನವರು ಕಣ್ಣೊರೆಸಿಕೊಂಡು, ದೇವರೇ ದಾರಿ ತೋರಿಸಿದ್ದಾನೆ ಎಂದರು. "ಕೊರತೆ ನಾನೂರ ಹನ್ನೆರಡು. ನಾವೂ ನಾನೂರ ಹನ್ನೆರಡು ಜನ. ಎಲ್ರೂ ಹೋಗ್ಬಿಟ್ರೆ ಎಲ್ರಿಗೂ ಜಾಗ ಆಗುತ್ತೆ."

ಜನ ತಲೆದೂಗಿದರು. ಸೋಮವಾರ ಬೆಳಗ್ಗೆ ಹತ್ತಕ್ಕೆ ಹೊರಡುವುದು ಎಂದೂ ಆಯಿತು. ಒಲೆ ಆರಿಸಿ ಬರಬೇಕೋ ಬೇಡವೋ ಎಂಬುದರ ಮೇಲೆ ಮಾತ್ರ ಸ್ವಲ್ಪ ಚರ್ಚೆ ನಡೆಯಿತು. ಆಗ ಬಾಗಿಲ ಹತ್ತಿರ ಸೊಂಟ ಹಿಡಿದು ನಿಂತಿದ್ದ ಹಾಲಮ್ಮ, ಆ ನಾನೂರ ಹನ್ನೆರಡರಲ್ಲಿ ನಾನೂ ಇದ್ದೀನಲ್ಲ, ನಾನೂ ಹೋದರೆ ಕೂಸು ಇಲ್ಲಿ ಯಾರ ಹೊಟ್ಟೆಯಲ್ಲಿ ಹುಟ್ಟುತ್ತೆ ಎಂದು ಕೇಳಿದಳು. ಮುರಿಗೆಪ್ಪನವರು ಬಹಳ ಪ್ರೀತಿಯಿಂದ, "ಅದನ್ನ ಆಮೇಲೆ ನೋಡಾಣವ್ವ, ಮೊದ್ಲು ಜಾಗ ಆಗ್ಲಿ," ಎಂದರು.

ನನಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ. ಅವರ ಮುಖ ನೋಡಲಾಗದೆ ಎದ್ದು ಗಡಿಕಲ್ಲಿನ ಕಡೆ ನಡೆದುಬಿಟ್ಟೆ. ಅಲ್ಲಿ ಊರಿನ ಸಾಮಾನೆಲ್ಲ ಗುಡ್ಡೆಯಾಗಿ ಬಿದ್ದಿತ್ತು. ಗುಜರಿ ದಾದಾಪೀರ್ ಅದರ ಮಗ್ಗುಲಲ್ಲಿ ಮರದ ಕೊಂಬೆಗೆ ತನ್ನ ಗಡಿಯಾರದಂಥ ತಕ್ಕಡಿ ನೇತುಹಾಕಿಕೊಂಡು, ಯಾರದು ಎಷ್ಟು ಅಂತ ತೂಗಿ ಗುರುತು ಹಾಕಿಡುತ್ತಿದ್ದ. ನಮ್ಮ ಮನೆಯ ಹಿತ್ತಾಳೆ ಹಂಡೆಗಳನ್ನು ಒಂದು ಮೂಟೆ ಕಟ್ಟಿಟ್ಟಿದ್ದೆ. ಅದನ್ನು ಇಬ್ಬರೂ ಸೇರಿ ಉಸ್ಸಪ್ಪಾ ಅಂತ ಎತ್ತಿ ಕೊಕ್ಕೆಗೆ ಸಿಕ್ಕಿಸಿದೆವು. ಮುಳ್ಳು ಗಿರ್ರನೆ ಸುತ್ತಿ ಬಂದು ಸೊನ್ನೆಯ ಎಡಕ್ಕೆ ನಿಂತಿತು. ಸೊನ್ನೆಗಿಂತಲೂ ಸ್ವಲ್ಪ ಕಡಿಮೆ. ನಾನು, ಇದೇನೋ ದಾದಾಪೀರಾ, ನಮ್ಮ ಹಂಡೆಗೆ ತೂಕವೇ ಇಲ್ಲವಾ ಎಂದೆ.

"ಇದಕ್ಕೆ ಹತ್ತು ಕೇಜಿ ಮೇಲೆ ಲೆಕ್ಕ ಬರಲ್ಲ ಅಕ್ಕ," ಅಂದ. "ಜಾಸ್ತಿ ಹಾಕಿದ್ರೆ ಒಂದು ಸುತ್ತು ಹೊಡ್ಕಂಡು ಆ ಕಡೆಯಿಂದ ಬರ್ತದೆ. ಗೊತ್ತಿಲ್ದೋರು ನೋಡಿದ್ರೆ ಏನೂ ಇಲ್ಲ ಅನ್ಕತಾರೆ."

ನಾನು ಆ ಮುಳ್ಳನ್ನೇ ನೋಡುತ್ತ ನಿಂತೆ. ಆಮೇಲೆ ವಾಪಸ್ ನಡೆಯತೊಡಗಿದೆ. ನಡೆಯುತ್ತಲೇ ಇದ್ದೆ, ಊರು ಬರಲೇ ಇಲ್ಲ. ಗಡಿಕಲ್ಲಿನಿಂದ ಆಫೀಸಿಗೆ ಮುಂಚೆ ಹತ್ತು ನಿಮಿಷದ ದಾರಿ. ಈಗ ಮುಕ್ಕಾಲು ಗಂಟೆ ನಡೆದು ಕಾಲು ಬೊಬ್ಬೆ ಬಂದಿತ್ತು. ಹೊಸ ಡಿಸ್ಕ್ ಹಾಕಿದಾಗಿನಿಂದ ಹೀಗೇ ಇತ್ತು. ಗೋಡೆಯ ಮೇಲಿಂದ ಚಟ್ನಿ ಕೊಟ್ಟು ತೆಗೆದುಕೊಳ್ಳುತ್ತಿದ್ದ ಅಕ್ಕಪಕ್ಕದವರು ಈಗ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತಿದ್ದರು. ಬೀದಿಯ ಈ ತುದಿಯಿಂದ ಆ ತುದಿ ಮಸುಕಾಗಿ ಕಾಣುತ್ತಿತ್ತು. ನಮಗೆ ವಯಸ್ಸಾಯಿತು, ಕಾಲು ಸೋತಿತು ಎಂದುಕೊಂಡೆವೇ ಹೊರತು ಊರು ದೊಡ್ಡದಾಗಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಯಾಕೆಂದರೆ ಜಾಗ ಇಲ್ಲ ಎಂದು ಸ್ಕ್ರೀನ್ ಹೇಳಿತ್ತಲ್ಲ. ಇಪ್ಪತ್ತೆರಡು ವರ್ಷ ಜಾಗ ಅಳೆದವಳಿಗೇ ತನ್ನ ಕಾಲಿನ ಮೇಲೆ ನಂಬಿಕೆ ಇರಲಿಲ್ಲ ಅಂದ ಮೇಲೆ ಮಿಕ್ಕವರನ್ನು ಏನನ್ನಲಿ.

ಮುರಿಗೆಪ್ಪನವರ ಮುಂದೆ ನಿಂತು, ನಮಗೆ ಜಾಗ ಕಡಿಮೆಯಾಗಿಲ್ಲ, ಯಂತ್ರ ಎಣಿಸಲಾಗದಷ್ಟು ಜಾಸ್ತಿಯಾಗಿದೆ, ಅದಕ್ಕೆ ಸುತ್ತು ಹೊಡೆದು ಕೊರತೆ ತೋರಿಸುತ್ತಿದೆ ಎಂದೆ. ಖಾಲಿ ಮಾಡಿದಷ್ಟೂ ದಾದಾಪೀರನ ತಕ್ಕಡಿ ಮುಳ್ಳಿನ ಹಾಗೆ ಲೆಕ್ಕ ಸುತ್ತಿಕೊಂಡು ಸೊನ್ನೆಯ ಹತ್ತಿರ ಬರುತ್ತೆ, ಅದನ್ನು ನೋಡಿ ನಾವು ಚಪ್ಪಾಳೆ ತಟ್ಟುತ್ತಿದ್ದೇವೆ. ಕೂಸಿಗೆ ಜಾಗ ಆಗಬೇಕೆಂದರೆ ಊರು ತುಂಬಬೇಕು. ಅವರು ಓರೆಯಾಗಿ ನಿಂತು ಕೇಳಿಸಿಕೊಂಡು, ಕರಿಬಸಮ್ಮಾ, ನಿನಗೆ ನಿದ್ದೆ ಇಲ್ಲ, ಮನೆಗೆ ಹೋಗಿ ಮಲಗು ಎಂದರು. ನಾನು ಮಲಗುವ ಹೆಂಗಸಲ್ಲ. ಆ ಕುರ್ಚಿಯಲ್ಲಿ ಕೂತು ಅಷ್ಟು ವರ್ಷ ನಾನು ಇಲ್ಲ ಅಂದರೆ ಇಲ್ಲ, ಇದೆ ಅಂದರೆ ಇದೆ ಎಂದು ಒಪ್ಪಿಕೊಂಡವರು ಇವತ್ತು ಯಾಕೆ ಒಪ್ಪಲ್ಲ ಎಂದು ಜಗಳಕ್ಕೆ ನಿಂತೆ. ಕೊನೆಗೆ ಸೋಮವಾರದವರೆಗೆ ನನ್ನ ಇಷ್ಟ ಎಂದು ಬಿಟ್ಟುಕೊಟ್ಟರು. ಬಿಟ್ಟುಕೊಡುವುದು ಅವರಿಗೆ ಬರುವ ಒಂದೇ ವಿದ್ಯೆ, ಅದು ಅವತ್ತು ಉಪಯೋಗಕ್ಕೆ ಬಂತು.

ಸಾಮಾನೆಲ್ಲ ವಾಪಸ್ ಬರತೊಡಗಿತು. ಹಳೇ ಸಾಮಾನಿಗೆ ಅಡ್ಡಿಯಿರಲಿಲ್ಲ. ಎಮ್ಮೆ ಬಂತು, ಬಾಗಿಲು ಬಂತು, ಕೊರತೆ ಏರಿತು. 2,000. 5,500. 8,000. ಹಲಗೆಯ ಮೇಲೆ ನಾನು ಬರೆದ ಒಂದೊಂದು ಸಂಖ್ಯೆಗೂ ಜನ ನನಗೆ ಹಿಡಿಶಾಪ ಹಾಕಿದರು. ತಂಗಿಯ ಹೊಟ್ಟೆಯ ಮೇಲೆ ಅಕ್ಕನೇ ಕಲ್ಲು ಹಾಕುತ್ತಿದ್ದಾಳೆ ಅಂದರು. ಭಾನುವಾರ ಬೆಳಗ್ಗೆ ಕಡೆಯ ಬೆಂಚು ಬಂದಾಗ ಕೊರತೆ 9,640. ಹೊರಟ ಜಾಗಕ್ಕೇ ಬಂದು ನಿಂತಿದ್ದೆವು. ತುಂಬಲು ಇನ್ನೇನೂ ಇರಲಿಲ್ಲ. ಹೊಸದು ತರುವಂತಿಲ್ಲ. ಹಾಲಮ್ಮ ಆಫೀಸಿನ ಬೆಂಚಿನ ಮೇಲೆ ಮಲಗಿ ಹಲ್ಲು ಕಚ್ಚಿಕೊಂಡಿದ್ದಳು. ನರ್ಸಮ್ಮ ಅವಳ ನಾಡಿ ಹಿಡಿದು ನನ್ನ ಮುಖ ನೋಡುವುದನ್ನೇ ಬಿಟ್ಟಿದ್ದರು.

ಹೊಸದು ತರುವಂತಿಲ್ಲ, ಸರಿ. ಹಳಬರು ಇನ್ನಾರಿದ್ದಾರೆ ಎಂದು ಯೋಚಿಸಿದೆ. ಆಗ ಕಪಾಟಿನಲ್ಲಿದ್ದ ಹೊಡೆದುಹಾಕಿದವರ ಪುಸ್ತಕ ನೆನಪಾಯಿತು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವತ್ತೇ ಹೆಸರು ಹೊಡೆಯುತ್ತೇವೆ, ಆ ಮಣೆಯನ್ನು ಕಾಯುತ್ತಿರುವವರಿಗೆ ಕೊಡುತ್ತೇವೆ. ಫೋಟೋ ಹಾಕುವುದಿಲ್ಲ, ಗೋಡೆಯ ಜಾಗ ಹೋಗುತ್ತದೆ. ಆಫೀಸು ಶುರುವಾದ ನಲವತ್ತು ವರ್ಷದಲ್ಲಿ ಹೊಡೆದ ಹೆಸರು ಮುನ್ನೂರ ಅರವತ್ತೊಂದು. ಅವರೆಲ್ಲ ಊರಿನ ಹಳಬರೇ ತಾನೆ. ಮೊದಲ ಪುಟದ ಮೊದಲ ಹೆಸರನ್ನು, ಕುಂಬಾರ ಓದಪ್ಪ ಅಂತ, ಪಟ್ಟಿಯಲ್ಲಿ ಒತ್ತಿದೆ. ಯಂತ್ರ ತಕರಾರು ಮಾಡಲಿಲ್ಲ. ಕೊರತೆ 9,641 ಆಯಿತು.

ಒಂದರ ಹಿಂದೆ ಒಂದು ಒತ್ತುತ್ತ ಹೋದೆ. ಅತ್ತ ಊರಲ್ಲಿ ಗಲಾಟೆ ಶುರುವಾಯಿತು. ಯಾರೂ ಎದ್ದು ಬರಲಿಲ್ಲ, ಅವರ ಜಾಗ ಮಾತ್ರ ಬಂತು. ಗೌಡರ ಜಗಲಿಯ ಮೇಲೆ ಅವರ ತಾತ ಮಲಗುತ್ತಿದ್ದಷ್ಟು ಉದ್ದಕ್ಕೆ ಯಾರೂ ಕಾಲಿಡಲಾಗಲಿಲ್ಲ. ಕಟ್ಟೆಯ ಮೇಲೆ ಬೀಡಿ ಸೇದುವವರು ಎರಡಾಳು ಸರಿದು ಕೂರಬೇಕಾಯಿತು. ಒಬ್ಬಳು ಓಡಿ ಬಂದು, ನಮ್ಮತ್ತೆ ಒಲೆ ಮುಂದೆ ಬಂದು ಕೂತುಬಿಟ್ಟಿದ್ದಾರೆ, ನಾನೆಲ್ಲಿ ಕೂತು ಮುದ್ದೆ ತೊಳಸಲಿ ಎಂದು ಜಗಳ ತೆಗೆದಳು. ಮತ್ತೆ ಹೊಡೆದು ಹಾಕಲೇನಮ್ಮ ಎಂದು ಕೇಳಿದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು, ಇರಲಿ ಬಿಡಿ, ಪಕ್ಕದಲ್ಲಿ ಕೂತು ಮಾಡುತ್ತೇನೆ ಎಂದು ಹೋದಳು. ಆಮೇಲೆ ಜನವೇ ಬಂದು ಕಿಟಕಿಯಲ್ಲಿ ನಿಂತು ನಮ್ಮಪ್ಪನ್ನ ಬರೆದ್ರಾ, ನಮ್ಮ ಸಣ್ಣವನ್ನ ಬರೆದ್ರಾ ಎಂದು ಕೇಳತೊಡಗಿದರು. ಮುರಿಗೆಪ್ಪನವರು ಬಂದು ತಮ್ಮ ತಾಯಿಯ ಹೆಸರು ಹೇಳಿದರು.

ಮುನ್ನೂರ ಅರವತ್ತು ಹೆಸರಾಯಿತು. ಸ್ಕ್ರೀನಿನ ಮೇಲೆ ಕೊರತೆ 10,000 ಎಂದು ನಿಂತಿತು. ಅಷ್ಟು ದೊಡ್ಡ ಕೊರತೆಯನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ಪುಸ್ತಕ ಮುಚ್ಚಿದೆ.

"ಅಕ್ಕಾ, ಭಾವನ ಹೆಸರು ಬರೆದ್ಯಾ?" ಅಂದಳು ಹಾಲಮ್ಮ. ನೋವಿನಲ್ಲೂ ಅವಳಿಗೆ ಎಣಿಕೆ ತಪ್ಪಿರಲಿಲ್ಲ.

ಬರೆದಿರಲಿಲ್ಲ. ನನ್ನ ಗಂಡ ರುದ್ರಮುನಿ ಆರು ವರ್ಷದ ಹಿಂದೆ ಬೆಳಗ್ಗೆ ಒಂಬತ್ತಕ್ಕೆ ತೀರಿಕೊಂಡರು. ಹನ್ನೊಂದಕ್ಕೆ ಆಫೀಸಿಗೆ ಬಂದು ನಾನೇ ಹೆಸರು ಹೊಡೆದೆ. ಮಣ್ಣಿಗೆ ಹೋಗುವ ಮುಂಚೆಯೇ ಅವರ ಮಣೆಯನ್ನು ಹಿಟ್ಟಿನ ಗಿರಣಿಯವರ ಹೊಸ ಮಿಷಿನ್ನಿಗೆ ಬರೆದುಕೊಟ್ಟೆ. ಊರೆಲ್ಲ ಹೊಗಳಿತು, ಕರಿಬಸಮ್ಮನಿಗೆ ತನ್ನದು ಪರರದು ಅಂತ ಇಲ್ಲ ಎಂದಿತು. ನಾನೂ ತಲೆ ಎತ್ತಿಕೊಂಡು ಓಡಾಡಿದೆ. ಆ ಮನುಷ್ಯ ಬದುಕಿದ್ದಾಗ ಮನೆ ತುಂಬ ಇರುತ್ತಿದ್ದರು. ಕೈಕಾಲು ಚಾಚಿ ಮಲಗುವರು, ಬಚ್ಚಲಲ್ಲಿ ಕೂಗಿ ಹಾಡುವರು, ಚಪ್ಪಲಿ ಒಂದು ಇಲ್ಲಿ ಒಂದು ಅಲ್ಲಿ. ಒಂಚೂರು ಸರೀರಿ ಎಂದು ಬೈಯುವುದರಲ್ಲೇ ನನ್ನ ಸಂಸಾರ ಮುಗಿಯಿತು.

"ಎರಡು ಗಂಟೇಲಿ ಹೊಡೆದು ಹಾಕಿದೋಳು ಕಣೇ ನಾನು," ಅಂದೆ. "ಈಗ ಯಾವ ಮುಖ ಇಟ್ಕಂಡು ಬರೀಲಿ?"

"ಇರೋ ಮುಖ ಇಟ್ಕಂಡು ಬರಿ," ಅಂದಳು ಹಾಲಮ್ಮ.

ಬರೆದೆ. ರುದ್ರಮುನಿ, ಒಂದು ಮಣೆ. ಅಕ್ಷರ ಮೂಡಿತು, ಹಸಿರು ಪಟ್ಟಿ ಅಲುಗಿತು. ಕೊರತೆ ಎಂಬ ಪದ ಹೋಗಿ ಅಲ್ಲಿ, ಖಾಲಿ ಜಾಗ 9,999 ಮಣೆ ಎಂದು ಬಂತು. ಊರಿನ ಜಾಗ ಯಂತ್ರದ ಎಣಿಕೆಗೆ ಸಿಗುವಷ್ಟಕ್ಕೆ ಇಳಿದಿತ್ತು. ನಾನು ಸರಿ ಎಂಬುದನ್ನು ಒತ್ತಿದೆನೋ ಇಲ್ಲವೋ, ಹಾಲಮ್ಮ ಚೀರಿದಳು. ನರ್ಸಮ್ಮ ನನ್ನನ್ನು ಕುರ್ಚಿ ಸಮೇತ ಪಕ್ಕಕ್ಕೆ ತಳ್ಳಿದರು. ಹೆಣ್ಣುಕೂಸು, ತಲೆ ತುಂಬ ಕೂದಲು. ಅದು ಅತ್ತ ದನಿಗೆ ಎದುರು ಬೀದಿಯ ಎಮ್ಮೆ ಹಗ್ಗ ಕಿತ್ತುಕೊಂಡಿತು. ಊರಲ್ಲಿ ಬಾಣಲೆ ಇಟ್ಟವರ ಮನೆಯ ಪೂರಿಯೆಲ್ಲ ಒಟ್ಟಿಗೆ ಉಬ್ಬಿದವಂತೆ. ನಾನು ನೋಡಲಿಲ್ಲ, ನಾನು ಇನ್ನೂ ಹೆಸರಿಡದ ಕೂಸಿನ ಹೆಸರಿನ ಜಾಗದಲ್ಲಿ ಗೀಟು ಹಾಕಿ ಅದಕ್ಕೆ ಒಂದು ಮಣೆ ಬರೆಯುತ್ತಿದ್ದೆ. ಆಮೇಲೆ ಯಾರೂ ಆ ಮುನ್ನೂರ ಅರವತ್ತೊಂದು ಹೆಸರನ್ನು ಹೊಡೆಯಲು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೆಸರಿಟ್ಟ ಮೇಲೆ ಹಾಲಮ್ಮ ಒಂದು ಮಧ್ಯಾಹ್ನ ಕೂಸನ್ನು ಮೊದಲ ಸಲ ನನ್ನ ಮನೆಗೆ ತಂದಳು. ಅವಳು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಕೂಸು ನನ್ನ ತೋಳಲ್ಲೇ ನಿದ್ದೆ ಹೋಯಿತು. ಮಂಚದ ಮೇಲೆ ಮಲಗಿಸಲು ಹೋದೆ. ಆ ಭಾನುವಾರದಿಂದ ಮಂಚದ ಮುಕ್ಕಾಲು ಪಾಲು ನನ್ನದಲ್ಲ. ಕೈ ಇಟ್ಟರೆ ಕೈ ಹೋಗುವುದಿಲ್ಲ. ಅಂಚಿನಲ್ಲಿ ಓರೆಯಾಗಿ ಮಲಗಿ ಎರಡು ಸಲ ಕೆಳಗೆ ಬಿದ್ದಿದ್ದೆ. ಸರೀರಿ ಎಂದು ನಾಲ್ಕಾರು ಸಲ ಗದರಿಯೂ ನೋಡಿದ್ದೆ. ಬದುಕಿದ್ದಾಗ ಕೇಳದವರು ಈಗ ಕೇಳಿಯಾರೇ. ಕೂಸನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ನಿಂತೆ. ತೋಳು ಸೋತು ಬಂತು.

"ರೀ," ಅಂದೆ. "ಹಾಲಮ್ಮನ ಕೂಸು ಬಂದೈತೆ."

ಮಂಚ ಒಂಚೂರು ಕಿರುಗುಟ್ಟಿತು. ಕೈ ಚಾಚಿ ನೋಡಿದೆ. ಗೋಡೆಯ ಕಡೆಗೆ ಒಂದು ಗೇಣು ಸರಿದಿದ್ದರು. ನಾನು ಕೂಸನ್ನು ಅಲ್ಲಿ ಮಲಗಿಸಿ, ಅಂಚಿನಲ್ಲಿ ಕೂತು, ಆರು ವರ್ಷದ ಅಳುವನ್ನೆಲ್ಲ ಅತ್ತೆ.